ಗುಳಗಿ ಅದೇ, ರೇಟ್ ಬ್ಯಾರೆ ಯಾಕ?

ಅಕ್ಕಾ, ವೈನಿ, ಕಾಕು, ಈ ಸಲ ಅಡಗಿ ಮಾತಿಲ್ಲ, ಗುಳಗಿ ಮಾತು. ಎಣ್ಣಿ ರೇಟ್ ಹತ್ತು ರೂಪಾಯಿ ಏರಿದ್ರ ಓಣಿ ತುಂಬಾ ಮಾತಾಡ್ತೀವಿ. ಬಿಪಿ, ಶುಗರ್ ಗುಳಗಿಗಿ ಮಾತ್ರ ಅಂಗಡಿಯವ ಹೇಳಿದಷ್ಟು ಎಣಿಸಿ ಕೊಟ್ಟು ಬರ್ತೀವಿ. ಇದು ಸರಿ ಅಲ್ಲ ಅಂತ ನನ್ನ ಮಾತು.

ಒಳಗಿನ ಔಷಧ ಒಂದೇ ಇದ್ದರೂ ಮ್ಯಾಲಿನ ಹೆಸರು ಬದಲಾದ್ರ ರೇಟ್ ಬದಲಾಗ್ತದ. ಸರ್ಕಾರದ ಅವಶ್ಯ ಔಷಧಗಳ ಯಾದಿಯಲ್ಲಿ ಇದ್ದದ್ದಕ್ಕ 2013ರ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಗರಿಷ್ಠ ಬೆಲೆ ಇರ್ತದ. ಅದರಾಗ ಅಂಗಡಿಯವರಿಗೆ ನೂರಕ್ಕ 16 ಲಾಭ ಹಿಡಿದಿರ್ತಾರ. ಯಾದಿ ಹೊರಗಿನ ಬಹಳಷ್ಟು ಗುಳಗಿಗಿ ಮೊದಲಿನ ಬೆಲೆ ಕಂಪನಿ ಮರ್ಜಿ. ಆಮ್ಯಾಲ ವರ್ಷಕ್ಕ ನೂರಕ್ಕ 10ರ ತನಕ ಏರಿಸ್ಲಾಕ ಬೀ ಅವಕಾಶ ಅದ. ಸಗಟು ವ್ಯಾಪಾರಿ, ಅಂಗಡಿ, ಎಲ್ಲರ ಪಾಲು ಆ ಎಮ್ಮಾರ್ಪಿ ಒಳಗೇ ಕುಂತಿರ್ತದ. ಕೊಡೋರು ನಾವು. ಅಮೇರಿಕಾದಾಗ ಬೀ ಔಷಧ ಕಂಪನಿ ಮತ್ತು ವಿಮೆ ನಡುವಿನ ದಲ್ಲಾಳಿಗಳ ಮ್ಯಾಲ ಇಂಥದೇ ಜಗಳ ನಡದದ.

ಹಿಡಿತ ಹಾಕ್ಲಾಕ ಬರಲ್ಲ ಅಂತೇನಿಲ್ಲ. 2019ರಾಗ 42 ಕ್ಯಾನ್ಸರ್ ಔಷಧಗಳ ವ್ಯಾಪಾರದ ಲಾಭಕ್ಕ ಕೇಂದ್ರ ಸರ್ಕಾರ ನೂರಕ್ಕ 30ರ ಮಿತಿ ಹಾಕ್ತು, ಬೆಲೆ ಇಳಿದವು. ದಿನಾ ನುಂಗೋ ಗುಳಗಿಗಿ ಯಾಕ ಆ ಮಿತಿ ಬ್ಯಾಡ?

ಇನ್ನ ಜನೌಷಧಿ ಅಂಗಡಿ ಮಾತು. ಸರ್ಕಾರಿ ದವಾಖಾನಿ ಆವರಣದಾಗಿನ ಈ ಕೇಂದ್ರ ಮುಚ್ಚಬೇಕಂತ 2025ರ ಮೇ ತಿಂಗಳಾಗ ನಮ್ಮ ರಾಜ್ಯ ಸರ್ಕಾರ ಆದೇಶ ಮಾಡ್ತು. ವಿಷಯ ಹೈಕೋರ್ಟಿಗಿ ಹೋಯ್ತು. ದವಾಖಾನ್ಯಾಗ ಔಷಧ ಫುಕಟ್ ಕೊಡ್ತೀವಲ್ಲ ಅಂಬೋದು ಸರ್ಕಾರದ ವಾದ. ಫುಕಟ್ ಸಿಕ್ಕರ ಅದಕ್ಕಿಂತ ಚಲೋ ಏನದ? ಆದ್ರ ಔರಾದ ಕಡಿ ಹಳ್ಳಿಯಿಂದ, ಭಾಲ್ಕಿಯಿಂದ ಬಸ್ಸಿಗಿ ರೊಕ್ಕ ಕೊಟ್ಟು ಬೀದರಿಗಿ ಬಂದ ಹೆಣ್ಮಗಳಿಗಿ ಕಿಟಕಿಯಾಗ "ಸ್ಟಾಕ್ ಇಲ್ಲ, ಹೊರಗ ತಗೋರಿ" ಅಂದ್ರ ಆಕಿ ಎಲ್ಲಿ ಹೋಗ್ಬೇಕು? ಕಿಟಕಿ ಸದಾ ತುಂಬಿರೋ ತನಕ ಬಾಜೂಕ ಅಗ್ಗದ ಅಂಗಡಿ ಇರಲೇಬೇಕು.

ನಮ್ಮ ಕೈಯಾಗ ಬೀ ಸ್ವಲ್ಪ ಅದ. ಚಿಟ್ಟಿ ಮ್ಯಾಲ ಔಷಧದ ಮೂಲ ಹೆಸರು ಓದ್ಲಾಕ ಬರೋ ಹಂಗ ಬರೀರಿ ಅಂತ ಡಾಕ್ಟರಿಗಿ ಕೇಳ್ರಿ. ಅದೇ ಔಷಧ, ಅದೇ ಪವರ್, ಕಡಿಮಿ ರೇಟಿನ್ಯಾಗ ಅದಾ ಏನು ಅಂತ ಅಂಗಡಿಯಾಗ ಕೇಳ್ರಿ, ಬಿಲ್ ತಗೋರಿ. ಡಾಕ್ಟರಿಗಿ ಕೇಳದೆ ಗುಳಗಿ ಬದಲಿ ಮಾಡಬ್ಯಾಡ್ರಿ, ರೊಕ್ಕ ಇಲ್ಲಂತ ಅರ್ಧಕ್ಕ ಬಿಡ್ಲಿಕ್ಕಂತೂ ಬ್ಯಾಡ್ರಿ. ಬಾಯಿಪಲ್ಯಾಕ ಮಾಡೋ ಚೌಕಾಶಿ ಔಷಧಕ್ಕ ಮಾಡ್ಲಾಕ ನಾಚಿಕಿ ಯಾಕ್ರೀ?