1 = 2 ಎಂದು ‘ಸಾಬೀತು’ ಮಾಡುವ ಫಾರ್ವರ್ಡ್: ತಪ್ಪು ಯಾವ ಸಾಲಿನಲ್ಲಿದೆ?

‘ಗಣಿತವೇ ಸುಳ್ಳು, ಬೇಕಾದರೆ ನೋಡಿ’ ಎಂಬ ತಲೆಬರಹದ ಒಂದು ಲೆಕ್ಕ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದು ಹೀಗಿದೆ:

1. ಎ = ಬಿ ಎಂದಿರಲಿ.
2. ಎರಡೂ ಬದಿಯನ್ನು ಎ ಇಂದ ಗುಣಿಸಿ: ಎ² = ಎ × ಬಿ
3. ಎರಡೂ ಬದಿಯಿಂದ ಬಿ² ಕಳೆಯಿರಿ: ಎ² − ಬಿ² = ಎ × ಬಿ − ಬಿ²
4. ಅಪವರ್ತಿಸಿ: (ಎ + ಬಿ)(ಎ − ಬಿ) = ಬಿ(ಎ − ಬಿ)
5. (ಎ − ಬಿ) ಹೊಡೆದುಹಾಕಿ: ಎ + ಬಿ = ಬಿ
6. ಎ = ಬಿ ಆದ್ದರಿಂದ 2ಬಿ = ಬಿ, ಅಂದರೆ 2 = 1!

ತಪ್ಪು ಎಲ್ಲಿದೆ?

ಐದನೇ ಸಾಲಿನಲ್ಲಿ. ಎ ಮತ್ತು ಬಿ ಎರಡೂ 1 ಎಂದು ಇಟ್ಟು ನೋಡೋಣ. ನಾಲ್ಕನೇ ಸಾಲು 2 × 0 = 1 × 0 ಆಗುತ್ತದೆ. ಇದು ಸರಿಯೇ, ಎರಡೂ ಬದಿ ಸೊನ್ನೆ. ಆದರೆ ಆ ಸೊನ್ನೆಯನ್ನು ಹೊಡೆದುಹಾಕಿದರೆ 2 = 1 ಉಳಿಯುತ್ತದೆ. ‘ಹೊಡೆದುಹಾಕುವುದು’ ಎಂದರೆ ಭಾಗಿಸುವುದು. ಇಲ್ಲಿ ಭಾಗಿಸಿದ್ದು ಸೊನ್ನೆಯಿಂದ.

ಸೊನ್ನೆಯಿಂದ ಏಕೆ ಭಾಗಿಸಬಾರದು?

6 ÷ 2 = 3, ಏಕೆಂದರೆ 2 × 3 = 6. ಹಾಗಾದರೆ 6 ÷ 0 ಎಷ್ಟು? ಸೊನ್ನೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ 6 ಬರುವುದಿಲ್ಲ. ಇನ್ನು 0 ÷ 0 ಎಂದರೆ ಯಾವ ಉತ್ತರವೂ ಹೊಂದುತ್ತದೆ. ಒಂದೇ ಖಚಿತ ಉತ್ತರ ಇಲ್ಲದ್ದರಿಂದ ಈ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಟ್ಯಾನ್ 90° ಎದುರು ಪಠ್ಯಪುಸ್ತಕ ‘ವ್ಯಾಖ್ಯಾನಿಸಿಲ್ಲ’ ಎನ್ನುವುದೂ ಇದಕ್ಕೇ: ಸೈನ್ 90° = 1, ಕಾಸ್ 90° = 0.

ಇದು ದೊಡ್ಡವರನ್ನೂ ಕಾಡಿದ ಪ್ರಶ್ನೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ 0 ÷ 0 = 0 ಎಂದಿದ್ದ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ. ಇವೆರಡನ್ನೂ ಇಂದಿನ ಗಣಿತ ಒಪ್ಪುವುದಿಲ್ಲ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಹೀಗೆ

ಫಾರ್ವರ್ಡ್ ನೋಡಿ ನಾವು ನಕ್ಕು ಬಿಡಬಹುದು. ಆದರೆ ಇದೇ ತಪ್ಪನ್ನು ನಮ್ಮ ಮಕ್ಕಳು ಉತ್ತರಪತ್ರಿಕೆಯಲ್ಲಿ ಮಾಡುತ್ತಾರೆ. ಎಕ್ಸ್² = 5ಎಕ್ಸ್ ಎಂಬ ವರ್ಗಸಮೀಕರಣ ಕೊಟ್ಟರೆ ಎರಡೂ ಬದಿಯ ಎಕ್ಸ್ ಹೊಡೆದು ಎಕ್ಸ್ = 5 ಎಂದು ಬರೆದು ಮುಗಿಸುತ್ತಾರೆ. ಎಕ್ಸ್ = 0 ಎಂಬ ಇನ್ನೊಂದು ಉತ್ತರ ಕಳೆದೇ ಹೋಯಿತು! ಸರಿಯಾದ ದಾರಿ: ಎಲ್ಲವನ್ನೂ ಒಂದು ಬದಿಗೆ ತಂದು ಎಕ್ಸ್(ಎಕ್ಸ್ − 5) = 0 ಎಂದು ಬರೆಯುವುದು.

ತ್ರಿಕೋನಮಿತಿಯಲ್ಲೂ ಅಷ್ಟೇ. 0°ಯಿಂದ 90°ವರೆಗಿನ ಕೋನಗಳಲ್ಲಿ 2 ಸೈನ್ ಥೀಟಾ × ಕಾಸ್ ಥೀಟಾ = ಸೈನ್ ಥೀಟಾ ಆಗುವುದು ಯಾವಾಗ? ಸೈನ್ ಹೊಡೆದುಹಾಕಿದರೆ ಕಾಸ್ ಥೀಟಾ = 1/2, ಅಂದರೆ 60° ಮಾತ್ರ ಸಿಗುತ್ತದೆ. ಸೈನ್ 0° ಸೊನ್ನೆಯಾದ್ದರಿಂದ 0° ಕೂಡ ಉತ್ತರವೇ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. √ಎಕ್ಸ್ = ಎಕ್ಸ್ − 2 ಎಂಬುದನ್ನು ವರ್ಗ ಮಾಡಿ ಬಿಡಿಸಿದರೆ 4 ಮತ್ತು 1 ಸಿಗುತ್ತವೆ. 1 ಅನ್ನು ಮೂಲ ಸಮೀಕರಣದಲ್ಲಿ ಇಟ್ಟರೆ ಎಡಕ್ಕೆ 1, ಬಲಕ್ಕೆ −1. ಅದು ಕಳ್ಳ ಉತ್ತರ.

ನೆನಪಿಡಬೇಕಾದದ್ದು ಎರಡೇ

ಹೊಡೆದುಹಾಕುವ ಮೊದಲು ‘ಇದು ಸೊನ್ನೆಯಾಗಬಹುದೇ?’ ಎಂದು ಕೇಳಿಕೊಳ್ಳಿ. ಬಂದ ಉತ್ತರವನ್ನು ಮೊದಲ ಸಾಲಿನಲ್ಲಿ ಇಟ್ಟು ತಾಳೆ ನೋಡಿ. ಮುಂದಿನ ಸಲ ಈ ಫಾರ್ವರ್ಡ್ ಬಂದರೆ ಗಣಿತ ಸುಳ್ಳಲ್ಲ, ಐದನೇ ಸಾಲು ಸುಳ್ಳು ಎಂದು ಉತ್ತರಿಸಿ.