ಆಟದ ಕಂಪ್ಯೂಟರು: ಒಮ್ಮೆಗೇ ಕೊಳ್ಳುವುದೆ, ಬೆಳೆಸಿಕೊಳ್ಳುವುದೆ?

ಮನೆ ಕಟ್ಟಿಸುವ ಗೃಹಸ್ಥನು ಮುಂದಿನ ಮಹಡಿಯ ಭಾರವನ್ನೂ ತಾಳುವಂತೆ ತಳಪಾಯವನ್ನು ಹಾಕಿಸಿ, ಮಹಡಿಯನ್ನು ಅನುಕೂಲವಾದಾಗ ಕಟ್ಟಿಸಿಕೊಳ್ಳುತ್ತಾನೆ. ಆಟದ ಕಂಪ್ಯೂಟರನ್ನು ಕೊಳ್ಳಹೊರಟ ನಮ್ಮ ತರುಣರಲ್ಲಿ ಈ ವಿವೇಕ ಅಷ್ಟಾಗಿ ಕಾಣುವುದಿಲ್ಲ. ತಂದೆತಾಯಿಗಳ ಉಳಿತಾಯವನ್ನೆಲ್ಲ ಸುರಿದು ಅತ್ಯಂತ ಬೆಲೆಯ ಯಂತ್ರವನ್ನು ತಂದುಬಿಟ್ಟರೆ ಹತ್ತು ವರ್ಷ ನಿಶ್ಚಿಂತೆಯೆಂದು ಅವರು ಎಣಿಸುತ್ತಾರೆ. ಈ ಎಣಿಕೆ ತಪ್ಪೆಂದೇ ನಮ್ಮ ಅಭಿಪ್ರಾಯ.

ಕಂಪ್ಯೂಟರು ಹಲವು ಭಾಗಗಳ ಕೂಟ. ಆ ಭಾಗಗಳ ಆಯುಸ್ಸು ಒಂದೇ ಸಮನಲ್ಲ. ಪೆಟ್ಟಿಗೆ ಮತ್ತು ಮದರ್‌ಬೋರ್ಡುಗಳ ಅಳತೆಯನ್ನು ಗೊತ್ತುಪಡಿಸುವ ಎಟಿಎಕ್ಸ್ ಮಾನಕ 1995ರಲ್ಲಿ ಬಂದುದು, ಇಂದಿಗೂ ಬಳಕೆಯಲ್ಲಿದೆ. ಆದುದರಿಂದ ಒಳ್ಳೆಯ ಪೆಟ್ಟಿಗೆಯೊಂದು ಎರಡು ಮೂರು ಯಂತ್ರಗಳ ಕಾಲ ಬಾಳಬಲ್ಲುದು. ಗ್ರಾಫಿಕ್ಸ್ ಕಾರ್ಡಾದರೋ ಬೇಗನೆ ಹಿಂದೆ ಬೀಳುತ್ತದೆ. ಮೊದಲು ಕೊಳ್ಳುವಾಗಲೇ ವಿದ್ಯುತ್ ಪೂರೈಕೆಯ ಘಟಕ ಮುಂದಿನ ಕಾರ್ಡಿನ ಹಸಿವನ್ನೂ ತಣಿಸುವಂತಿರಬೇಕು.

ಬಳಿಕ ಯಾವ ಭಾಗವನ್ನು ಬದಲಾಯಿಸಬೇಕು? ಇಲ್ಲಿ ಜಾಹೀರಾತಿಗಿಂತ ಅಂಕಗಣಿತವೇ ನಂಬಿಕೆಗೆ ಅರ್ಹ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡಿಗೆ ಒಂದರಂತೆ ಸಿದ್ಧವಾಗಬೇಕು. ಪ್ರತಿ ಚಿತ್ರಕ್ಕೂ ಪ್ರೊಸೆಸರು 20 ಮಿಲಿಸೆಕೆಂಡನ್ನೂ ಗ್ರಾಫಿಕ್ಸ್ ಕಾರ್ಡು 10 ಮಿಲಿಸೆಕೆಂಡನ್ನೂ ತೆಗೆದುಕೊಳ್ಳುತ್ತವೆಂದು ಭಾವಿಸೋಣ. ಒಂದು ಚಿತ್ರವನ್ನು ಕಾರ್ಡು ಬರೆಯುತ್ತಿರುವಾಗ ಮುಂದಿನದರ ಲೆಕ್ಕವನ್ನು ಪ್ರೊಸೆಸರು ಮಾಡುತ್ತಿರುವುದರಿಂದ, ನಿಧಾನವಾದುದೇ ವೇಗವನ್ನು ನಿರ್ಧರಿಸುತ್ತದೆ. ಸೆಕೆಂಡಿಗೆ 50 ಚಿತ್ರಗಳಷ್ಟೆ ದೊರೆಯುತ್ತವೆ. ಇಮ್ಮಡಿ ವೇಗದ ಕಾರ್ಡನ್ನು ತಂದರೂ ಆ 50 ಎಂಬುದು 51 ಆಗದು! ಇದನ್ನು ಪರೀಕ್ಷಿಸಲು ಹಣ ಬೇಕಿಲ್ಲ. ಆಟದ ರೆಸಲ್ಯೂಶನ್ನನ್ನು ತಗ್ಗಿಸಿ ನೋಡಿರಿ. ವೇಗ ಏರಿದರೆ ಕೊರತೆ ಕಾರ್ಡಿನದು. ಏರದಿದ್ದರೆ ಬಹುಮಟ್ಟಿಗೆ ಪ್ರೊಸೆಸರಿನದು.

ಪ್ರೊಸೆಸರನ್ನು ಬದಲಾಯಿಸುವ ಅವಕಾಶ ಮದರ್‌ಬೋರ್ಡನ್ನು ಅವಲಂಬಿಸಿದೆ. ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟು 2016ರಲ್ಲಿ ಬಂದಿತು. 2017ರ ರೈಜನ್ ಪ್ರೊಸೆಸರಿಗಾಗಿ ಕೊಂಡಿದ್ದ ಅನೇಕ ಬೋರ್ಡುಗಳು, ಬಯಾಸನ್ನು ನವೀಕರಿಸಿದ ಬಳಿಕ, 2022ರ ರೈಜನ್ 7 5800ಎಕ್ಸ್3ಡಿಯನ್ನೂ ಸ್ವೀಕರಿಸಿದುವು. ಆದರೆ ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಮೆಮೊರಿ ಕೂಡದು. ಬೆಳವಣಿಗೆಗೂ ಎಲ್ಲೆಯುಂಟು.

ಕಾದವರಿಗೆ ಬೆಲೆ ಸದಾ ಇಳಿಯುವುದೇ ಎಂದು ಕೇಳಬಹುದು. ಇಲ್ಲ, 2021ರಲ್ಲಿ ಕೊರತೆಯಿಂದಾಗಿ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ವಿಪರೀತವಾಗಿ ಏರಿತ್ತು. ಆದರೆ ಆಗಲೂ ಹೆಚ್ಚು ನೊಂದವನು ಇಡೀ ಯಂತ್ರವನ್ನೇ ಕೊಳ್ಳಬೇಕಾದವನು; ಹಳೆಯ ಕಾರ್ಡಿನಿಂದಲೇ ಕೆಲಸ ಸಾಗುತ್ತಿದ್ದವನು ಒಂದೆರಡು ವರ್ಷ ತಾಳಬಲ್ಲವನಾಗಿದ್ದನು. ಹಾಗೆಂದು ವರ್ಷವರ್ಷವೂ ಹೊಸತರ ಬೆನ್ನು ಹತ್ತುವುದನ್ನು ನಾವು ಸಮರ್ಥಿಸುತ್ತಿಲ್ಲ. ಅದು ಹಣಕ್ಕೂ ನಷ್ಟ, ಕಸಕ್ಕೂ ಕಾರಣ.

ವಿದ್ಯಾರ್ಥಿ ಮಿತ್ರರು ಅಂಗಡಿಗೆ ಹೊರಡುವ ಮುನ್ನ, ತಮ್ಮ ಯಂತ್ರದಲ್ಲಿ ತಡೆಯೊಡ್ಡುತ್ತಿರುವ ಭಾಗ ಯಾವುದೆಂದು ಕಾಗದದ ಮೇಲೆ ಬರೆದುಕೊಳ್ಳಲಿ. ಉತ್ತರ ದೊರೆಯದಿದ್ದರೆ ಹಣ ಮನೆಯಲ್ಲೇ ಇರಲಿ.