ಮೂಳೆಗೆ ತುಂಬುವ ಪುಡಿ: ಗುಣ ಮಾಡುವುದು ಪುಡಿಯಲ್ಲ, ರಕ್ತ



ಹೃದಯದ ಡಾಕ್ಟರು ಈ ವಾರ ಮೂಳೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಅಂತ ನಿಮಗೆ ಅನಿಸಬಹುದು. ಕಾರಣವಿದೆ. ವಟ್ವಾ ಕಡೆಯ ನಮ್ಮ ಕುಟುಂಬಗಳಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಡಾಕ್ಟ್ರೇ, ಅಪ್ಪನ ಕಾಲಿನ ಆಪರೇಷನ್‌ಗೆ ಅದೇನೋ ಪುಡಿ ಹಾಕಬೇಕಂತೆ, ಬಿಲ್ಲಿನಲ್ಲಿ ಬೇರೆಯಾಗಿ ಬರೆದಿದ್ದಾರೆ, ಬೇಕಾ?" "ಹಲ್ಲಿನ ಡಾಕ್ಟರು ದವಡೆಗೆ ಗಾಜು ತುಂಬ್ತೀನಿ ಅಂದ್ರು, ಹೌದಾ?" ಜಿಐಡಿಸಿಯಲ್ಲಿ ಮಷೀನು, ರಸ್ತೆಯಲ್ಲಿ ಬೈಕು. ಕೈಕಾಲು ಮುರಿಯುವುದು ಇಲ್ಲಿ ಅಪರೂಪವೇನಲ್ಲ. ಆದ್ದರಿಂದ ಈ ಪುಡಿ ಏನು, ಯಾವಾಗ ಬೇಕು, ಅದಕ್ಕೂ ನಿಮ್ಮ ಹೃದಯದ ಮಾತ್ರೆಗೂ ಏನು ಸಂಬಂಧ ಅಂತ ಒಮ್ಮೆ ಬಿಡಿಸಿ ಹೇಳುತ್ತೇನೆ.

ಮೊದಲು ಭಯ ಬಿಡಿ. ನಮ್ಮ ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜವೇ. ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಆ ಖನಿಜವನ್ನು ಹೋಲುವ ಪದಾರ್ಥವನ್ನು ಕಾರ್ಖಾನೆಯಲ್ಲಿ ತಯಾರಿಸಿ, ಪಿಂಗಾಣಿಯಂತೆ ಸುಟ್ಟು, ಸಣ್ಣ ಸಣ್ಣ ಹರಳು ಮಾಡಿರುತ್ತಾರೆ. ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅಂತ ಪೊಟ್ಟಣದ ಮೇಲೆ ಬರೆದಿದ್ದರೆ ಇದೇ. ಮೊದಲನೆಯದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ, ಎರಡನೆಯದು ನಿಧಾನವಾಗಿ ಕರಗಿ ಜಾಗ ಬಿಡುತ್ತದೆ. ಎರಡನ್ನೂ ಬೆರೆಸಿ ಮಾಡುವುದೂ ಉಂಟು.

ಗಾಜಿನದು ಬೇರೆ ಕಥೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಎಂಬ ವಿಜ್ಞಾನಿ 1967ರಲ್ಲಿ ಒಂದು ಸಭೆಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಸೇನಾಧಿಕಾರಿ. ಕೈಕಾಲು ಕಳೆದುಕೊಂಡ ಸೈನಿಕರನ್ನು ಕಂಡು ಬಂದವರು. ದೇಹ ತಿರಸ್ಕರಿಸದಂಥ ವಸ್ತು ಮಾಡಲಾಗದೇ ಎಂದು ಅವರು ಕೇಳಿದರು. 1969ರಲ್ಲಿ ಹೆಂಚ್ ಒಂದು ಗಾಜು ಮಾಡಿ ತೋರಿಸಿದರು. ಕಿಟಕಿ ಗಾಜಿನಲ್ಲಿರುವ ಮರಳು, ಸೋಡಾ, ಸುಣ್ಣವೇ ಇದರಲ್ಲೂ ಇವೆ. ಪ್ರಮಾಣ ಬೇರೆ, ಜೊತೆಗೆ ನೂರಕ್ಕೆ 6ರಷ್ಟು ರಂಜಕದ ಆಕ್ಸೈಡ್. ದೇಹದ ನೀರು ತಾಗಿದೊಡನೆ ಈ ಗಾಜಿನ ಮೇಲ್ಮೈ ಕರಗತೊಡಗಿ, ಅಲ್ಲಿ ಮೂಳೆಯ ಖನಿಜದಂಥದೇ ಒಂದು ಪದರ ಕೂರುತ್ತದೆ. ಮೂಳೆ ಅದನ್ನು ತನ್ನದೇ ಅಂದುಕೊಂಡು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಜುಮ್ಮೆನ್ನುವ ಹಲ್ಲಿಗೆಂದು ಮಾರುವ ಕೆಲವು ಟೂತ್‌ಪೇಸ್ಟ್‌ಗಳಲ್ಲೂ ಇದೇ ಗಾಜಿನ ನುಣ್ಣನೆ ಪುಡಿ ಇರುತ್ತದೆ. (ಸುಣ್ಣ ಇದೆ ಅಂದೆನೆಂದು ಎಲೆಗೆ ಇನ್ನೊಂದು ಬೆರಳು ಸುಣ್ಣ ಹಚ್ಚಬೇಡಿ!) ನಮ್ಮ ದೇಶದಲ್ಲೂ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ, ಕೋಲ್ಕತ್ತಾದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ, ನಮ್ಮ ಬೆಂಗಳೂರಿನ ಐಐಎಸ್‌ಸಿಗಳಲ್ಲಿ ಈ ಬಗೆಯ ವಸ್ತುಗಳ ಮೇಲೆ ಒಳ್ಳೆಯ ಕೆಲಸ ಆಗಿದೆ.

ಈಗ ಮುಖ್ಯ ಮಾತು. ಈ ಹರಳುಗಳಲ್ಲಿ ಮೈತುಂಬ ತೂತುಗಳಿರುತ್ತವೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದುಕೊಳ್ಳಿ. ಈ ತೂತುಗಳು 100 ಮೈಕ್ರಾನ್‌ಗಿಂತ ದೊಡ್ಡದಿರಬೇಕು, 300ರ ಆಸುಪಾಸು ಇದ್ದರೆ ಇನ್ನೂ ಒಳ್ಳೆಯದು, ಮತ್ತು ಒಂದರಿಂದ ಇನ್ನೊಂದಕ್ಕೆ ದಾರಿ ಇರಬೇಕು. ಯಾಕೆ? ರಕ್ತನಾಳ ಒಳಗೆ ನುಗ್ಗಲು. ರಕ್ತನಾಳ ಹೋದಲ್ಲಿ ಮಾತ್ರ ಮೂಳೆ ಕಟ್ಟುವ ಜೀವಕೋಶಗಳು ಹೋಗುತ್ತವೆ. ಹಿತ್ತಲಲ್ಲಿ ಹೀರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಈ ಪುಡಿ ಅಷ್ಟೇ. ಚಪ್ಪರ ಕಾಯಿ ಬಿಡುವುದಿಲ್ಲ, ಬಳ್ಳಿ ಬಿಡುತ್ತದೆ. ಬಳ್ಳಿಗೆ ನೀರಿಲ್ಲದಿದ್ದರೆ ಚಪ್ಪರ ಎಷ್ಟು ದುಬಾರಿಯದಾದರೇನು?

ಅದಕ್ಕೇ ಹೃದಯದ ಡಾಕ್ಟರಾಗಿ ನಾನು ಬಾಯಿ ಹಾಕುತ್ತಿದ್ದೇನೆ. ಪುಡಿಗೆ ಸಾಲ ಮಾಡಿ ದುಡ್ಡು ಹೊಂದಿಸಿದವರು, ಆಪರೇಷನ್ ಆದ ನಾಲ್ಕನೇ ದಿನಕ್ಕೆ ಮಾವಾ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡಿದ್ದೇನೆ. ತಂಬಾಕು ಬೀಡಿಯಲ್ಲಿರಲಿ, ಗುಟ್ಕಾದಲ್ಲಿರಲಿ, ಇಲ್ಲಿನ ಮಾವಾದಲ್ಲಿರಲಿ, ಅದರ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಅವನ್ನು ಹಾಳು ಮಾಡುತ್ತದೆ. ಹೃದಯದ ನಾಳ ಕಟ್ಟಿಸುವ ಶತ್ರುಗಳೇ ಮೂಳೆ ಕೂಡದಂತೆಯೂ ಮಾಡುವುದು. ನನ್ನ ಅಭಿಪ್ರಾಯ ಕೇಳಿದರೆ, ಆಪರೇಷನ್‌ಗೆ ಮೊದಲು ತಂಬಾಕು ಬಿಡಿಸದೆ, ಸಕ್ಕರೆ ನೋಡದೆ ಪುಡಿಯ ಬೆಲೆ ಮಾತ್ರ ಹೇಳುವುದು ಅರ್ಧ ಚಿಕಿತ್ಸೆ.

ಎಲ್ಲ ಮುರಿತಕ್ಕೂ ಪುಡಿ ಬೇಕಿಲ್ಲ. ಸರಿಯಾಗಿ ಜೋಡಿಸಿ ಹಿಡಿದಿಟ್ಟರೆ ಸಾಮಾನ್ಯ ಮುರಿತ ತಾನೇ ಕೂಡುತ್ತದೆ. ಬೇಕಾಗುವುದು ಒಳಗೆ ನಿಜವಾಗಿ ಪೊಳ್ಳು ಬಿದ್ದಾಗ: ಮಂಡಿಯ ಕೆಳಗಿನ ಮೂಳೆ ಜಜ್ಜಿ ಕುಸಿದಿದ್ದು ಎತ್ತಿ ಕೂರಿಸಿದಾಗ, ಗಡ್ಡೆ ಕೆರೆದು ತೆಗೆದಾಗ, ವಸಡಿನ ರೋಗದಿಂದ ಹಲ್ಲಿನ ಸುತ್ತ ಮೂಳೆ ತಿಂದುಹೋದಾಗ. ಇನ್ನೊಂದು, ಈ ಹರಳು ಪಿಂಗಾಣಿಯಂತೆಯೇ ಪೆಡಸು, ಒಡೆಯುತ್ತದೆ. ಭಾರ ಹೊರುವುದು ಪ್ಲೇಟು ಅಥವಾ ರಾಡು. "ಪುಡಿ ಹಾಕಿದ್ದಾರಲ್ಲ" ಅಂತ ಬೇಗ ಕಾಲೂರಿ ನಡೆಯಬೇಡಿ. ತಿಂಗಳುಗಟ್ಟಲೆ ಕೂಡದೇ ಉಳಿದ ಹಳೆಯ ಮುರಿತಕ್ಕೆ ಬರೀ ಪುಡಿ ಸಾಮಾನ್ಯವಾಗಿ ಸಾಲದು. ಅಲ್ಲಿ ರೋಗಿಯ ಸೊಂಟದ ಮೂಳೆಯಿಂದಲೇ ಸ್ವಲ್ಪ ತೆಗೆದು ಹಾಕುವ ಹಳೆಯ ಪದ್ಧತಿ ಇಂದಿಗೂ ಮೇಲು, ಯಾಕೆಂದರೆ ಅದರಲ್ಲಿ ಜೀವಂತ ಕೋಶಗಳಿವೆ. ಇನ್ನೊಂದು ಗಾಯ, ಇನ್ನೊಂದಿಷ್ಟು ನೋವು ಇದ್ದದ್ದೇ. ಹಾಗಾಗಿ ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ: "ಸರ್, ಒಳಗೆ ಪೊಳ್ಳು ಎಷ್ಟಿದೆ? ಅವರದೇ ಮೂಳೆ ಸಾಲುವುದಿಲ್ಲವೇ?" ಒಳ್ಳೆಯ ಸರ್ಜನ್ ಎಕ್ಸ್‌ರೇ ತೋರಿಸಿ ಹೇಳುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ನಮ್ಮ ಜನ ಕೇಳಲು ಹಿಂಜರಿಯುತ್ತಾರೆ. ಈ ಪುಡಿ ದನದ ಮೂಳೆಯದೇ? ಕೆಲವು ಹೌದು, ಮುಖ್ಯವಾಗಿ ಹಲ್ಲಿನ ಚಿಕಿತ್ಸೆಯಲ್ಲಿ. ಶುದ್ಧೀಕರಿಸಿದ ದನದ ಮೂಳೆಯ ಹರಳು ವೈದ್ಯಕೀಯವಾಗಿ ಒಳ್ಳೆಯದೇ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ಆಮೇಲೆ ತಿಳಿದು ಮನಸ್ಸಿಗೆ ಹಚ್ಚಿಕೊಂಡವರಿದ್ದಾರೆ. ಕೃತಕ ಸೆರಾಮಿಕ್ ಮತ್ತು ಗಾಜಿನಲ್ಲಿ ಪ್ರಾಣಿಯ ಅಂಶವಿಲ್ಲ. ಹೃದಯದ ಕವಾಟ ಬದಲಿಸುವಾಗ ಇದು ಲೋಹದ್ದು, ಇದು ಪ್ರಾಣಿಯ ಅಂಗಾಂಶದ್ದು ಅಂತ ಮೊದಲೇ ಹೇಳಿ ಆಯ್ಕೆ ಕೊಡಬೇಕು. ಮೂಳೆ ಪುಡಿಗೂ ಅದೇ ನಿಯಮ ಇರಲಿ ಎನ್ನುವುದು ನನ್ನ ವಾದ. ಕೇಳುವುದು ಮೂಢನಂಬಿಕೆಯಲ್ಲ, ನಿಮ್ಮ ಹಕ್ಕು.

ಕವಾಟ ಅಂದಾಗ ನೆನಪಾಯಿತು. ಡಾ. ಎಂ.ಎಸ್. ವಲಿಯಥಾನ್ (ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾದವರು) ಶ್ರೀ ಚಿತ್ರಾದಲ್ಲಿ ದೇಶದ್ದೇ ಆದ ಕವಾಟ ಮಾಡಲು ಹೊರಟಾಗ, ಒಂದು ಮಾದರಿಯಲ್ಲಿ ಕೃತಕ ನೀಲಮಣಿಯ ಬಿಲ್ಲೆ ಹಾಕಿದ್ದರು. ಅದೂ ಒಂದು ಬಗೆಯ ಗಟ್ಟಿ ಸೆರಾಮಿಕ್ಕೇ. ಅದು ಸರಿಹೋಗಲಿಲ್ಲ. ಕೊನೆಗೆ ಗೆದ್ದು 1990ರ ಡಿಸೆಂಬರ್‌ನಲ್ಲಿ ರೋಗಿಯ ಎದೆ ಸೇರಿದ್ದು ಪ್ಲಾಸ್ಟಿಕ್ ಬಿಲ್ಲೆಯ ಕವಾಟ. ದುಬಾರಿ ಹೆಸರಿನ ವಸ್ತುವೆಲ್ಲ ಎಲ್ಲ ಕಡೆಗೂ ಹೊಂದುವುದಿಲ್ಲ.

ದುಡ್ಡಿನ ಮಾತು. 2017ರಲ್ಲಿ ಸರ್ಕಾರ ಸ್ಟೆಂಟ್‌ಗೂ, ಮಂಡಿ ಚಿಪ್ಪಿನ ಇಂಪ್ಲಾಂಟ್‌ಗೂ ಗರಿಷ್ಠ ಬೆಲೆ ಕಟ್ಟಿತು. ಮೂಳೆ ಪುಡಿಗೆ ಹಾಗೆ ಕಟ್ಟಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ಬರೀ "ಬೋನ್ ಗ್ರಾಫ್ಟ್" ಅಂತಿದ್ದರೆ ಒಪ್ಪಬೇಡಿ. ವಸ್ತುವಿನ ಹೆಸರು, ಎಷ್ಟು ಗ್ರಾಂ ಅಥವಾ ಎಷ್ಟು ಸಿಸಿ, ಪೊಟ್ಟಣದ ಮೇಲಿನ ಎಂಆರ್‌ಪಿ, ಇಷ್ಟು ಇರಲಿ. ಕಾರ್ಖಾನೆಯಲ್ಲಿ ಇಎಸ್‌ಐ ಕಡಿತ ಆಗುತ್ತಿದ್ದರೆ ಬಾಪುನಗರದ ಇಎಸ್‌ಐ ಆಸ್ಪತ್ರೆ ನಿಮ್ಮದೇ. ಮಣಿನಗರದ ಎಲ್.ಜಿ. ಆಸ್ಪತ್ರೆ, ಅಸಾರ್ವಾದ ಸಿವಿಲ್ ಆಸ್ಪತ್ರೆ, ಅಲ್ಲಿಯೇ ಇರುವ ಸರ್ಕಾರಿ ದಂತ ಕಾಲೇಜನ್ನೂ ವಿಚಾರಿಸಿ. ಭಾಷೆ ಬರುವುದಿಲ್ಲವೆಂದು ಮನೆ ಹತ್ತಿರದ ಖಾಸಗಿ ನರ್ಸಿಂಗ್ ಹೋಮಿಗೇ ಓಡಬೇಡಿ.

ಕೊನೆಯದು, ನನ್ನ ಪಾಲಿಗೆ ಅತಿ ಮುಖ್ಯವಾದದ್ದು. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸಲು, ದವಡೆಗೆ ಪುಡಿ ತುಂಬಿಸಲು ಹೋಗುವಾಗ "ರಕ್ತ ನಿಲ್ಲಲ್ಲ" ಅಂತ ಹೆದರಿ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಾವೇ ನಿಲ್ಲಿಸಿಬಿಡುತ್ತಾರೆ. ಹೊಸ ಸ್ಟೆಂಟ್ ಇರುವ ಮೊದಲ ತಿಂಗಳುಗಳಲ್ಲಿ ಹೀಗೆ ಮಾಡಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗಬಹುದು, ಜೀವ ಹೋಗಬಹುದು. ಹಲ್ಲು ಕೀಳಲು ಬಹುಪಾಲು ಜನ ಈ ಮಾತ್ರೆ ನಿಲ್ಲಿಸಬೇಕಾಗಿಯೇ ಇಲ್ಲ. ಒತ್ತಿ ಹಿಡಿದು, ಹೊಲಿಗೆ ಹಾಕಿ ರಕ್ತ ನಿಲ್ಲಿಸುತ್ತಾರೆ. ದವಡೆಗೆ ಪುಡಿ ತುಂಬುವುದಂತೂ ತುರ್ತಲ್ಲ, ಕೆಲವು ತಿಂಗಳು ಕಾಯಬಹುದು. ಕೃತಕ ಕವಾಟ ಇರುವವರಿಗೆ ವಸಡಿನ ಕೆಲಸಕ್ಕೆ ಮೊದಲು ಆಂಟಿಬಯಾಟಿಕ್ ಬೇಕಾಗುತ್ತದೆ, ಅದನ್ನೂ ತಿಳಿಸಿ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂರುವ ಮೊದಲು ಗುಜರಾತಿಯಲ್ಲಿ ಹೇಳಲು ಈ ಒಂದು ವಾಕ್ಯ ಕಲಿತುಕೊಳ್ಳಿ: "ಲೋಹಿ ಪಾತಳುಂ ಕರವಾನೀ ದವಾ ಚಾಲು ಛೇ." ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ ಅಂತ. ಅಮ್ಮನಿಗೆ ಬಾಯಿಪಾಠ ಮಾಡಿಸಿ, ಆಗಲಿಲ್ಲವಾದರೆ ಚೀಟಿ ಬರೆದು ಕೊಡಿ.

ಆಪರೇಷನ್ ಆದ ಮೇಲೆ ಎಕ್ಸ್‌ರೇಯಲ್ಲಿ ಆ ಜಾಗ ಬಹುಕಾಲ ಬೆಳ್ಳಗೆ ಕಾಣಬಹುದು, ಗಾಬರಿ ಬೇಡ. ಪುಡಿ ಲೋಹವಲ್ಲ, ಎಂಆರ್‌ಐಗೆ ಅಡ್ಡಿಯಿಲ್ಲ. ಪ್ಲೇಟು ಇದ್ದರೆ ಮಾತ್ರ ಹೇಳಿ. ಪೊಟ್ಟಣದ ಜೊತೆ ಬರುವ ಸ್ಟಿಕ್ಕರನ್ನು ಫೈಲಿಗೆ ಅಂಟಿಸಿಕೊಳ್ಳಿ, ಡಿಸ್ಚಾರ್ಜ್ ಕಾಗದವನ್ನು ಇಂಗ್ಲಿಷಿನಲ್ಲೇ ಕೇಳಿ ಪಡೆಯಿರಿ. ದೀಪಾವಳಿಗೆ ಊರಿಗೆ ಹೋದಾಗ ಕಾಲು ಬಾತರೆ, ಗುಜರಾತಿ ಕೈಬರಹವನ್ನು ಹುಬ್ಬಳ್ಳಿಯ ಡಾಕ್ಟರು ಓದಲಾರರು.